ಒಂದು ಮೇಲೆ, ಒಂದು ಕೆಳಗೆ

“ಇದು ಮುಂಡಪ್ಪನ ತಲೆ ಅಲ್ಲ ಮಾರಾಯ್ರೆ.”

ಮೂಡಬಿದಿರೆಯ ಡಾಕ್ಟರ್ ಭುಜಬಲಿಯವರು ಎಕ್ಸರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಹೀಗೆಂದಾಗ, ಬೆಂಚಿನ ಮೇಲೆ ಕೂತಿದ್ದ ಮುಂಡಪ್ಪ ಎರಡೂ ಕೈಯಿಂದ ತನ್ನ ತಲೆಯನ್ನು ಮುಟ್ಟಿ ನೋಡಿಕೊಂಡ. ಅವನ ಹೆಂಡತಿ ಸೇಸಮ್ಮ ಒಮ್ಮೆ ಗಂಡನನ್ನು, ಒಮ್ಮೆ ಫಿಲ್ಮನ್ನು ನೋಡಿದಳು.

“ಮತ್ತೆ ಯಾರದ್ದು ಡಾಕ್ಟ್ರೆ?”

“ಅದನ್ನು ನಿಮ್ಮ ಪತ್ತೇದಾರರೇ ಹೇಳ್ಬೇಕು.”

ಪತ್ತೇದಾರರೆಂದರೆ ನಾನು. ಬಂಟ್ವಾಳ-ಬೆಳ್ತಂಗಡಿ ಮಾರ್ಗದ ಬಸ್ಸುಗಳಲ್ಲಿ ಚೆಕ್ಕಿಂಗ್ ಇನ್‌ಸ್ಪೆಕ್ಟರನಾಗಿದ್ದ ಕಾಲದಲ್ಲಿ ಟಿಕೇಟಿಲ್ಲದವನನ್ನು ಉಸಿರಿನ ಸದ್ದಿನಿಂದಲೇ ಹಿಡಿಯುತ್ತಿದ್ದ ಸಂಕಪ್ಪ. ನಾನು ಬಸ್ಸು ಹತ್ತಿದರೆ ಖಾಲಿ ಸೀಟುಗಳೂ ಎದ್ದು ನಿಲ್ಲುತ್ತಿದ್ದವು. ‘ಚಂದ್ರೋದಯ’ ಬಸ್ಸಿನ ಡ್ರೈವರ್ ಮುಂಡಪ್ಪನ ಬಲಗಣ್ಣಿಗೆ ಹೊಡೆದ ಮೂಸಾ, ಚನಿಯಪ್ಪ ಎಂಬ ಜೋಡಿಯನ್ನು ಜಾಕಿಯ ಕಬ್ಬಿಣದ ಹಿಡಿ ಸಮೇತ ಹಿಡಿದು ಲಾಕಪ್ಪಿಗೆ ತಳ್ಳಿಸಿದ ನನ್ನ ಸಾಹಸ ಕಳೆದ ವಾರವೇ ಮೂರು ಲೋಕಗಳಿಗೂ ತಿಳಿದಿದೆ.

ಹೊಡೆದವರು ಒಳಗಾದರೂ ಪೆಟ್ಟು ತಿಂದವನ ಕಣ್ಣು ಸರಿಯಾಗಲಿಲ್ಲ. ಬಾವು ಇಳಿಯಿತು, ನೀಲಿ ಮಾಸಿತು, ಆದರೆ ಮುಂಡಪ್ಪನಿಗೆ ಎಲ್ಲವೂ ಎರಡೆರಡಾಗಿ ಕಾಣುತ್ತಿತ್ತು. ಎರಡು ಮಾರ್ಗ ಕಾಣುವವನ ಕೈಗೆ ಸ್ಟೇರಿಂಗ್ ಕೊಡುವವರು ಯಾರು? ಮಂಗಳೂರಿನ ಆಸ್ಪತ್ರೆಯವರು ಈ ಫಿಲ್ಮನ್ನು ನೋಡಿ, ಎಲುಬು ಗಟ್ಟಿ ಉಂಟು, ಆಪರೇಶನ್ ಬೇಡ ಎಂದು ಕಳಿಸಿಬಿಟ್ಟಿದ್ದರು. ಸೇಸಮ್ಮನ ಮನಸ್ಸು ಕೇಳಲಿಲ್ಲ. ಮದ್ರಾಸ್ ಮೇಲ್ ರೈಲನ್ನೂ ಹಿಂದೆ ಹಾಕಬಲ್ಲ ನನ್ನ ಆಸ್ಟಿನ್ ಕಾರಿನಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಮೂಡಬಿದಿರೆಗೆ ಬಂದಿದ್ದೆ.

“ಮುಂಡಪ್ಪ, ಬಾಯಿ ತೆರಿ,” ಎಂದರು ಡಾಕ್ಟರು.

ತೆರೆದ. ಮೇಲಿನ ಸಾಲಿನಲ್ಲಿ ಚಿನ್ನದ ಹಲ್ಲೊಂದು ಫಳಕ್ಕೆಂದಿತು.

“ಚಿನ್ನ ಎಕ್ಸರೇಯಲ್ಲಿ ಅಚ್ಚ ಬಿಳಿ ಕಾಣ್ಬೇಕು. ಈ ತಲೆಯಲ್ಲಿ ಮೂವತ್ತೆರಡೂ ಸ್ವಂತ ಹಲ್ಲು. ಎಲ್ಲಿ ಉಂಟು ಚಿನ್ನ?”

“ಅದು ದಣಿಕುಲು ಹಾಕಿಸಿ ಕೊಟ್ಟದ್ದು,” ಎಂದ ಮುಂಡಪ್ಪ, ಯಾರೋ ಹಲ್ಲನ್ನೇ ಕದ್ದರೇನೋ ಎಂಬಂತೆ ನಾಲಿಗೆಯಿಂದ ತಡವಿಕೊಳ್ಳುತ್ತ. “ನೆರೆ ಬಂದಾಗ ಬಸ್ಸು ಮುಳುಗದ ಹಾಗೆ ದಾಟಿಸಿದ್ದಕ್ಕೆ.”

ದಣಿಕುಲು ಎಂದರೆ ಬಸ್ಸಿನ ಮಾಲಕ ಸುಧಾಕರ. ನನ್ನ ಜೀವದ ಗೆಳೆಯ, ಮೇಲಾಗಿ ನನ್ನ ತಂಗಿ ಶಶಿಪ್ರಭೆಯ ಗಂಡ. ಮುಂಡಪ್ಪನನ್ನು ತನ್ನದೇ ಕಾರಿನಲ್ಲಿ ಮಂಗಳೂರಿಗೆ ಕರೆದೊಯ್ದು ಫಿಲ್ಮು ತೆಗೆಸಿ ತಂದವನೂ ಅವನೇ. ಈ ಕೇಸನ್ನು ನನ್ನ ಕೈಗೆ ಕೊಟ್ಟವನೂ ಅವನೇ.

“ಆಸ್ಪತ್ರೆಯಲ್ಲಿ ಕವರು ಅದಲುಬದಲಾಗಿರ್ಬೇಕು,” ಎಂದೆ ನಾನು.

“ಆಗಿರ್ಬಹುದು. ಆದರೆ ಈ ಮನುಷ್ಯನ ಗುರುತು ಹಿಡಿಯುವುದು ಸುಲಭ. ನೋಡಿ ಇಲ್ಲಿ.” ಡಾಕ್ಟರ ಬೆರಳು ಫಿಲ್ಮಿನ ಎಡಗೆನ್ನೆಯ ಮೇಲೆ ನಿಂತಿತು. ಸಾಸಿವೆ ಕಾಳಿನಷ್ಟು ಬಿಳಿಯ ಚುಕ್ಕೆ. “ಕೋವಿಯ ಚರೆ, ಸೀಸದ ಕಾಳು. ಯಾವ ಕಾಲದಲ್ಲೋ ಹೊಕ್ಕದ್ದು, ಅಲ್ಲೇ ಕೂತಿದೆ. ಇಂಥವನು ಯಾರಾದ್ರೂ ಗೊತ್ತುಂಟಾ ನಿಮಗೆ?”

ನನ್ನ ಕಾಲಡಿಯ ಸಿಮೆಂಟು ಕೆಸರಾಯಿತು.

ನಾವು ಹುಡುಗರಾಗಿದ್ದಾಗ ನೆರಿಯದ ಕಾಡಿನಲ್ಲಿ ಸುಧಾಕರನ ಮಾವ ಹಂದಿಗೆಂದು ಹೊಡೆದ ಕೋವಿಯ ಚರೆ ಸುಧಾಕರನ ಎಡಗೆನ್ನೆಗೇ ಹೊಕ್ಕಿತ್ತು. ಅವನನ್ನು ಹೆಗಲ ಮೇಲೆ ಹಾಕಿಕೊಂಡು, ದಾರಿಗೆ ಅಡ್ಡ ಬಂದ ಎರಡು ಹುಲಿಗಳನ್ನು ಗದರಿಸಿ ಓಡಿಸಿ, ಬೆಳ್ತಂಗಡಿಯವರೆಗೆ ಹೊತ್ತವನು ನಾನು. ಹುಲಿಗಳ ವಿಷಯದಲ್ಲಿ ಯಾರಿಗಾದರೂ ಸಂಶಯವಿದ್ದರೆ ಬಿಡಲಿ. ಹೊತ್ತದ್ದು ನಿಜ. ಅವನ ರಕ್ತ ನನ್ನ ಬೆನ್ನಿನ ಮೇಲೆ ಬಿಸಿಯಾಗಿ ಇಳಿದದ್ದು ನಿಜ. ಮಾವನ ಮರ್ಯಾದೆ ಉಳಿಸಲು, ಬಿದಿರಿನ ಮುಳ್ಳು ಹೊಕ್ಕಿತೆಂದು ಅವನ ತಾಯಿಗೆ ಹೇಳಿದೆವು. ಮಾವ ಈಗ ಇಲ್ಲ. ಚರೆಯ ಸಂಗತಿ ಗೊತ್ತಿರುವವರು ಭೂಮಿಯ ಮೇಲೆ ಇಬ್ಬರೇ.

“ಇಲ್ಲ ಡಾಕ್ಟ್ರೆ,” ಎಂದೆ. ನಾನು ಹುಟ್ಟಿದ ಮೇಲೆ ಹೇಳಿದ ಅತ್ಯಂತ ಚಿಕ್ಕ ಸುಳ್ಳು ಅದು.

*

ಡಾಕ್ಟರು ಮುಂಡಪ್ಪನನ್ನು ಒಳಗೆ ಕರೆದೊಯ್ದು ಹೊಸ ಫಿಲ್ಮು ತೆಗೆದರು.

“ಮೂಗು, ಗಲ್ಲ ಎರಡೂ ಹಲಗೆಗೆ ತಾಗ್ಬೇಕು. ದೇವರಿಗೆ ಅಡ್ಡ ಬಿದ್ದ ಹಾಗೆ. ತಲೆ ಹಿಂದೆ ಮಾಡು. ಉಸಿರು ಹಿಡಿ.”

ಆ ಮೆಶಿನು ಗುಂಯ್ ಎಂದಾಗ ಮೂಡಬಿದಿರೆ ಪೇಟೆಯ ದೀಪಗಳೆಲ್ಲ ಮಂಕಾದವು. ಸಾವಿರ ಕಂಬದ ಬಸದಿಯಲ್ಲಿ ಒಂಬೈನೂರು ಕಂಬಗಳಾದರೂ ನಡುಗಿರಬೇಕು. ಕತ್ತಲೆ ಕೋಣೆಯಲ್ಲಿ ತೊಳೆದ ಫಿಲ್ಮನ್ನು ಉಕ್ಕಿನ ಚೌಕಟ್ಟಿಗೆ ಸಿಕ್ಕಿಸಿ, ನೀರು ತೊಟ್ಟಿಕ್ಕುತ್ತಿರುವಂತೆಯೇ ಡಾಕ್ಟರು ಹೊರಗೆ ತಂದರು. ಚಿನ್ನದ ಹಲ್ಲು ಈ ಸಲ ನಕ್ಷತ್ರದಂತೆ ಹೊಳೆಯುತ್ತಿತ್ತು.

“ಸೇಸಮ್ಮ, ನಿಮ್ಮ ಮನೆಯಲ್ಲಿ ಬಾವಿ ಉಂಟಲ್ವಾ?”

“ಉಂಟು ಡಾಕ್ಟ್ರೆ.”

“ಕಣ್ಣಿನ ಗುಳಿ ಬಾವಿಯ ಹಾಗೆ. ಸುತ್ತ ದಪ್ಪ ಎಲುಬಿನ ಕಟ್ಟೆ, ಕೆಳಗೆ ಹಪ್ಪಳದಷ್ಟು ತೆಳ್ಳಗಿನ ತಳ. ಇಲ್ಲಿ ನೋಡಿ, ಕಟ್ಟೆ ಸರಿ ಉಂಟು. ತಳ ಕುಸಿದಿದೆ. ಕೆನ್ನೆಯೊಳಗಿನ ಈ ಕಪ್ಪು ಪೊಳ್ಳಿನಲ್ಲಿ ಮೇಲಿಂದ ಬಿಳಿ ಹನಿ ನೇತಾಡ್ತದಲ್ಲ, ಮಾಡಿನಿಂದ ಬೀಳಲಿಕ್ಕೆ ತಯಾರಾದ ನೀರಿನ ಹನಿ ಹಾಗೆ? ಅದು ಕಣ್ಣಿನ ಕೆಳಗಿರಬೇಕಾದ ಮಾಂಸ. ಕಣ್ಣನ್ನು ಆಡಿಸುವ ಹಗ್ಗವೂ ಆ ಬಿರುಕಿನಲ್ಲಿ ಸಿಕ್ಕಿಕೊಂಡಿದೆ. ಅದಕ್ಕೇ ಈ ಕಣ್ಣು ಮೇಲೆ ಏಳುವುದಿಲ್ಲ.”

ಅವರು ತಮ್ಮ ಪೆನ್ನನ್ನು ಮುಂಡಪ್ಪನ ಹಣೆಯ ಮಟ್ಟಕ್ಕೆ ಎತ್ತಿದರು. “ತಲೆ ಅಲುಗಿಸದೆ ನೋಡು. ಎಷ್ಟು ಪೆನ್ನು?”

“ಎರಡು.”

“ಅಕ್ಕಪಕ್ಕವಾ?”

“ಅಲ್ಲ. ಒಂದು ಮೇಲೆ, ಒಂದು ಕೆಳಗೆ.”

ಆ ಮಾತು ನನ್ನ ಕಿವಿಗೆ ಕಾದ ಎಣ್ಣೆಯಂತೆ ಬಿತ್ತು. ಪೊಲೀಸರ ಹೇಳಿಕೆಯಲ್ಲಿ ನಾನೇ ಓದಿದ್ದೆ: ‘ಅವರು ಹೊಡೆದರು. ಒಬ್ಬ ಎತ್ತರ, ಒಬ್ಬ ಗಿಡ್ಡ.’ ಆ ಸಾಲನ್ನು ಹಿಡಿದೇ ನಾನು ಉದ್ದದ ಮೂಸಾನನ್ನೂ ಗಿಡ್ಡದ ಚನಿಯಪ್ಪನನ್ನೂ ಹುಡುಕಿ ತಂದದ್ದು. ಇಬ್ಬರೂ ಬಸ್ಸಿನ ಕೆಲಸದಿಂದ ಹೊರಬಿದ್ದವರು, ಇಬ್ಬರೂ ಮುಂಡಪ್ಪನನ್ನು ಬೈದವರು. ನನಗೆ ಅಷ್ಟು ಸಾಕಾಗಿತ್ತು.

“ಡಾಕ್ಟ್ರೆ, ಜಾಕಿಯ ಹಿಡಿಯಲ್ಲಿ ಹೊಡೆದರೆ ಹೀಗಾಗ್ತದಾ?”

“ಕಬ್ಬಿಣ ಮೊದಲು ಕಟ್ಟೆಯನ್ನೇ ಒಡೀತಿತ್ತು, ಚರ್ಮ ಸೀಳ್ತಿತ್ತು. ಇದು ದುಂಡಗಿನ ವಸ್ತು. ಗುಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇನೂ ಗಟ್ಟಿ ಅಲ್ಲ. ನೇರ ಎದುರಿನಿಂದ ಬಂದು ಕಣ್ಣನ್ನು ಒಳಗೆ ಒತ್ತಿದೆ. ಒತ್ತಡ ತಡೆಯದೆ ತಳ ಹೋಗಿದೆ.”

ದುಂಡಗಿನ ವಸ್ತು. ಪೆಟ್ಟು ಬಿದ್ದ ಮರುದಿನ ಬಸ್ ಶೆಡ್ಡಿನಲ್ಲಿ, ಡ್ರೈವರನ ಸೀಟಿನ ಅಡಿಯಲ್ಲಿ ನನಗೊಂದು ಗಜನಿಂಬೆ ಸಿಕ್ಕಿತ್ತು. ಮುಷ್ಟಿಗಿಂತ ದೊಡ್ಡದು, ಒಂದು ಬದಿ ಜಜ್ಜಿ ಹೋದದ್ದು. ಶೆಡ್ಡಿನಲ್ಲಿದ್ದ ಒಂದೊಂದು ಮೊಳೆಯನ್ನೂ ಭೂತಗನ್ನಡಿಯಲ್ಲಿ ಪರೀಕ್ಷಿಸಿದ ಈ ಮಹಾ ಪತ್ತೇದಾರ, ಆ ಗಜನಿಂಬೆಯನ್ನು ಮನೆಗೆ ಒಯ್ದು ಶರಬತ್ತು ಮಾಡಿ ಕುಡಿದಿದ್ದ. ಬಂಟ್ವಾಳ ತಾಲೂಕಿನಲ್ಲೇ ಅಂಥ ಶರಬತ್ತು ಯಾರೂ ಕುಡಿದಿರಲಾರರು.

“ಮುಂಡಪ್ಪ,” ಎಂದೆ, “ಪೊಲೀಸರಿಗೆ ನೀನು ಎಂತ ಹೇಳಿದ್ದು? ತುಳುವಿನಲ್ಲಿ ಹೇಳಿದ್ದನ್ನು ಹಾಗೇ ಹೇಳು.”

ಮುಂಡಪ್ಪ ತಲೆ ತಗ್ಗಿಸಿದ. ಸೇಸಮ್ಮನೇ ಹೇಳಿದಳು. “ನಾನು ಅಲ್ಲೇ ಇದ್ದೆ ಸಂಕಪ್ಪಣ್ಣ. ಕಣ್ಣಿಗೆ ಬಟ್ಟೆ ಕಟ್ಟಿತ್ತು, ಮೈ ಸುಡ್ತಿತ್ತು. ಯಾರು ಹೊಡೆದದ್ದು ಅಂತ ಕೇಳಿದ್ದಕ್ಕೆ, ‘ಆರ್ ಹಾಕಿಯೆರ್’ ಅಂದರು. ಎಷ್ಟು ಜನ ಕಂಡಿತು ಅಂದ್ರೆ, ‘ಎರಡು, ಒಂದು ಮೇಲೆ ಒಂದು ಕೆಳಗೆ’. ಬರಕೊಳ್ಳುವವರು ಘಟ್ಟದ ಮೇಲಿನವರು, ತುಳು ಬರುವುದಿಲ್ಲ. ಪೇದೆ ಕನ್ನಡದಲ್ಲಿ ಹೇಳ್ತಾ ಹೋದ, ಅವರು ಬರೀತಾ ಹೋದರು.”

ಆರ್!

ತುಳು ತಿಳಿಯದ ಓದುಗರು ಸ್ವಲ್ಪ ಕಿವಿ ಕೊಡಬೇಕು. ಸಾಧಾರಣ ಒಬ್ಬ ಗಂಡಸನ್ನು ನಾವು ‘ಆಯೆ’ ಎನ್ನುತ್ತೇವೆ. ಹಲವರಾದರೆ ‘ಅಕುಲು’. ಆದರೆ ಎದುರಿಗಿಲ್ಲದಾಗಲೂ ಮುಂಡಾಸು ತೆಗೆದು ಮಾತಾಡಬೇಕಾದ ಒಬ್ಬರೇ ಒಬ್ಬರಿದ್ದರೆ, ಅವರು ‘ಆರ್’. ಕನ್ನಡದ ಹೊಳೆ ದಾಟುವಾಗ ‘ಅಕುಲು’ವೂ ‘ಆರ್’ ಕೂಡ ಒಂದೇ ದೋಣಿಯಲ್ಲಿ ಕೂತು ‘ಅವರು’ ಆಗಿ ಇಳಿಯುತ್ತವೆ. ಪೇದೆಯ ಬಾಯಲ್ಲಿ ಗೌರವ ಇದ್ದದ್ದು ರೈಟರನ ಕೈಯಲ್ಲಿ ಇಬ್ಬರಾಯಿತು. ಆ ಇಬ್ಬರಿಗೆ ನಾನು ಹೆಸರು ಕೊಟ್ಟೆ.

ಹೊಡೆದದ್ದು ಒಬ್ಬರು. ಕೂಲಿಯಲ್ಲ, ಪೋಕರಿಯಲ್ಲ. ಪೆಟ್ಟು ತಿಂದು ಜ್ವರದಲ್ಲಿ ಬಡಬಡಿಸುವಾಗಲೂ ಮುಂಡಪ್ಪ ಗೌರವ ತಪ್ಪದವರು.

“ಯಾರು ಮಾರಾಯ?”

“ಹೇಳಿದ್ದು ನಾನಲ್ಲ ಸಂಕಪ್ಪಣ್ಣ. ಜ್ವರ ಹೇಳಿದ್ದು.”

“ಲಾಕಪ್ಪಿನಲ್ಲಿ ಇಬ್ಬರು ಕೂತಿದ್ದಾರೆ!”

“ಅವರನ್ನು ಬಿಡಿಸ್ತೇನೆ ಅಂತ ದಣಿಕುಲು ಮಾತು ಕೊಟ್ಟಿದ್ದಾರೆ. ನನ್ನ ಕಣ್ಣೂ ತನ್ನಷ್ಟಕ್ಕೆ ಸರಿ ಆಗ್ತದೆ ಅಂದಿದ್ದಾರೆ.” ಮುಂಡಪ್ಪ ಡಾಕ್ಟರತ್ತ ತಿರುಗಿದ. “ಸರಿ ಆಗ್ತದಲ್ವಾ ಡಾಕ್ಟ್ರೆ?”

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. “ಸಿಕ್ಕಿದ ಹಗ್ಗ ತನ್ನಷ್ಟಕ್ಕೆ ಬಿಡುವುದಿಲ್ಲ. ಇನ್ನೂ ಸ್ವಲ್ಪ ದಿನ ಹೋದರೆ ಅಲ್ಲೇ ಅಂಟಿ ಕೂತುಬಿಡ್ತದೆ. ಆಮೇಲೆ ಆಯುಷ್ಯ ಇರುವವರೆಗೆ ಎರಡೆರಡು. ಬಸ್ಸಿನ ಮಾತು ಬಿಡು. ಮದ್ರಾಸಿನ ಕಣ್ಣಿನ ಸರ್ಜನ್ ಒಬ್ಬರು ಮಂಗಳೂರಿಗೆ ಬಂದಿದ್ದಾರೆ. ನಾಳೆ ಬೆಳಿಗ್ಗೆ ಒಂದೇ ಆಪರೇಶನ್ನಿಗೆ ಪುರುಸೊತ್ತು, ಸಂಜೆ ರೈಲು. ಫೋನು ಮಾಡಿ ಹೇಳ್ತೇನೆ. ಆದರೆ ತಳ ಎಲ್ಲಿ ಒಡೆದಿದೆ ಅಂತ ಫಿಲ್ಮಿನಲ್ಲಿ ನೋಡದೆ ಅವರು ಕತ್ತಿ ಮುಟ್ಟುವವರಲ್ಲ. ಅಲ್ಲೇ ಇನ್ನೊಂದು ತೆಗೆಸುವ ಅಂದ್ರೆ ಸರದಿ ಬರುವಾಗ ಅವರು ರೈಲು ಹತ್ತಿರ್ತಾರೆ. ಇಲ್ಲಿ ನನ್ನ ಹತ್ತಿರ ಇದ್ದದ್ದು ಇದೊಂದೇ ಫಿಲ್ಮು.”

ಒದ್ದೆ ಫಿಲ್ಮನ್ನು ಸೇಸಮ್ಮ ಸೆರಗಿನಿಂದ ಒರೆಸಲು ಹೋದಳು.

“ಮುಟ್ಟಬೇಡಿ!” ಡಾಕ್ಟರು ಕಿರುಚಿದರು. “ಉಗುರು ತಾಗಿದರೂ ಸಾಕು, ಕಿತ್ತು ಬರ್ತದೆ. ಒಣಗುವವರೆಗೆ ಚೌಕಟ್ಟು ಮಾತ್ರ ಹಿಡೀರಿ.”

*

ಮುಂಡಪ್ಪನ ಮನೆ ಪುಂಜಾಲಕಟ್ಟೆಯಲ್ಲಿ. ರಾತ್ರಿ ಅಲ್ಲಿ ಮಲಗಿ, ಬೆಳಿಗ್ಗೆ ನನ್ನ ಕಾರಿನಲ್ಲೇ ಮಂಗಳೂರಿಗೆ ಹೋಗುವುದೆಂದು ಗೊತ್ತಾಯಿತು. ಸಿದ್ದಕಟ್ಟೆ ದಾಟಿ ವಾಮದಪದವಿನ ಮಣ್ಣಿನ ಮಾರ್ಗಕ್ಕೆ ಬಿದ್ದೆವು. ಹಿಂದಿನ ಸೀಟಿನಲ್ಲಿ ಸೇಸಮ್ಮ ಚೌಕಟ್ಟನ್ನು ಎರಡು ಕೈಯಿಂದ ಎತ್ತಿ ಹಿಡಿದು ಕೂತಿದ್ದಳು. ಗಂಡನ ತಲೆಬುರುಡೆ ಅವಳ ಮುಖದ ಮುಂದೆ ಗಾಳಿಗೆ ಒಣಗುತ್ತಿತ್ತು.

“ನೋಡಿ, ನಿಮ್ಮ ತಲೆ ಒಳಗೆ ಖಾಲಿ ಅಂತ ನಾನು ಹೇಳಿದ್ದು ಸುಳ್ಳಲ್ಲ,” ಎಂದಳು.

“ಚಿನ್ನ ಉಂಟಲ್ಲ ಮಾರಾಯ್ತಿ,” ಎಂದ ಮುಂಡಪ್ಪ. ಇಬ್ಬರೂ ನಕ್ಕರು. ಆಸೆ ಹುಟ್ಟಿದವರ ನಗು.

ನನಗೆ ನಗು ಬರಲಿಲ್ಲ. ಗಜನಿಂಬೆಯ ಮರ ಸುಧಾಕರನ ಊರಿನಲ್ಲಿ ಒಂದೇ. ಶಶಿಪ್ರಭೆಯ ಮದುವೆಗೆ ನಾನೇ ಕೊಟ್ಟ ಗಿಡ, ಸುಧಾಕರನ ಅಂಗಳದಲ್ಲಿ ನನ್ನ ಕೈಯಾರೆ ನೆಟ್ಟದ್ದು. ಬಸ್ ಶೆಡ್ಡು ಅದೇ ಅಂಗಳದ ಕೊನೆಗೆ. ನನ್ನ ತಂಗಿಯ ಉಪ್ಪಿನಕಾಯಿ ತಿಂದವರು ಸ್ವರ್ಗದಲ್ಲೂ ಅದನ್ನೇ ಕೇಳುತ್ತಾರೆ. ಸಣ್ಣವಳಿದ್ದಾಗ ಮರ ಹತ್ತುವ ಕೆಲಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ನಾನು ಮಾವಿನಕಾಯಿ ತೋರಿಸುತ್ತಿದ್ದೆ, ಅವಳು ಒಂದೇ ಕಲ್ಲಿಗೆ ಬೀಳಿಸುತ್ತಿದ್ದಳು. ಪಕ್ಕದ ಎಲೆ ಕೂಡ ಅಲುಗುತ್ತಿರಲಿಲ್ಲ. ನಮ್ಮ ಮಾಡಿನ ಮೇಲೆ ಹಾರುವ ಕಾಗೆಗಳು ಅವಳ ಅಪ್ಪಣೆ ಕೇಳಿ ಹಾರುತ್ತಿದ್ದವು. ಅಂಥ ನನ್ನ ತಂಗಿಯನ್ನು ನಾನು ಕೊಟ್ಟದ್ದು ಎಂಥವನಿಗೆ!

ಹೆಗಲ ಮೇಲೆ ಹೊತ್ತವನು. ಒಂದೇ ಎಲೆಯಲ್ಲಿ ಉಂಡವನು. ಅವನೇ ತನ್ನ ಡ್ರೈವರನ ಕಣ್ಣು ಒಡೆದು, ಆ ಒಡಕು ಯಾರಿಗೂ ಕಾಣಬಾರದೆಂದು ತನ್ನ ತಲೆಯ ಫಿಲ್ಮನ್ನು ತಂದಿಟ್ಟಿದ್ದಾನೆ.

ಸುಧಾಕರನ ಮನೆ ಮಾರ್ಗದ ಬದಿಯಲ್ಲೇ. ಗೇಟಿನೊಳಗೆ ಕಾರು ನಿಲ್ಲಿಸಿ, “ನೀವು ಇಳಿಯಬೇಡಿ, ಈಗ ಬಂದೆ,” ಎಂದು ಹೇಳಿ, ಹಳೆಯ ಫಿಲ್ಮಿನ ಕವರನ್ನು ಕಂಕುಳಲ್ಲಿ ಇಟ್ಟುಕೊಂಡು ಚಾವಡಿ ಹತ್ತಿದೆ.

*

ಸುಧಾಕರ ಆರಾಮ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ.

“ಬಾ ಭಾವ! ಕಾರು ತಳ್ಳಿಕೊಂಡು ಬಂದದ್ದಾ, ಓಡಿಸಿಕೊಂಡು ಬಂದದ್ದಾ?”

ಫಿಲ್ಮನ್ನು ಕವರಿನಿಂದ ತೆಗೆದು, ಚಾವಡಿಯ ಕಂಬಗಳ ನಡುವೆ ಬೀಳುತ್ತಿದ್ದ ಇಳಿಬಿಸಿಲಿಗೆ ಹಿಡಿದೆ.

“ಇದು ಯಾರ ತಲೆ ಭಾವ?”

“ಮುಂಡಪ್ಪನದ್ದಲ್ವಾ?”

“ಮುಂಡಪ್ಪ ನೆರಿಯದ ಕಾಡಿಗೆ ಯಾವಾಗ ಬೇಟೆಗೆ ಹೋದದ್ದು?”

ಅವನ ಎಡಗೈ ತಾನಾಗಿ ಎಡಗೆನ್ನೆಗೆ ಹೋಯಿತು. ಅಲ್ಲಿಗೆ ಎಲ್ಲ ಮುಗಿಯಿತು. ಆ ಕೈ ಹೋಗದಿದ್ದರೆ, ಅವನು ಇನ್ನೊಂದು ಸುಳ್ಳು ಹೇಳಿದ್ದರೆ, ದೇವರಾಣೆ, ನಾನು ನಂಬಿಬಿಡುತ್ತಿದ್ದೆ. ನಂಬಲು ಅಷ್ಟು ಆಸೆ ಇತ್ತು.

“ಮುಂಡಪ್ಪನನ್ನು ಆಸ್ಪತ್ರೆಯ ಜಗಲಿಯಲ್ಲಿ ಕೂರಿಸಿ, ಅವನ ಹೆಸರು ಹೇಳಿ, ನೀನು ಹೋಗಿ ಹಲಗೆಗೆ ಮುಖ ಒತ್ತಿದೆ.”

“ಹೌದು.”

“ಹಾಕಿಸಿಕೊಟ್ಟ ಚಿನ್ನದ ಹಲ್ಲು ಮರೆತುಹೋಯ್ತಾ?”

“ಅದು ಮರೆತೇಹೋಯ್ತು,” ಎಂದ ಸುಧಾಕರ. ನಾಚಿಕೆಯಲ್ಲ, ಲೆಕ್ಕ ತಪ್ಪಿದವನ ಬೇಸರ. “ಚರೆಯದ್ದು ನೆನಪಿತ್ತು. ಆದರೆ ಫಿಲ್ಮಿನಲ್ಲಿ ಅದು ಕಾಣ್ತದೆ ಅಂತ ಗೊತ್ತಿರಲಿಲ್ಲ.”

“ಅವನ ಕಣ್ಣು ಹೋಗ್ತದೆ! ನಾಳೆ ಆಪರೇಶನ್ ಆಗದಿದ್ದರೆ ಜನ್ಮಕ್ಕೂ ಬಸ್ಸು ಬಿಡಲಿಕ್ಕಿಲ್ಲ.”

“ಅವನನ್ನು ಉಪವಾಸ ಕೆಡವುವುದಿಲ್ಲ ಭಾವ. ಗೇಟು ಕಾಯುವ ಕೆಲಸ ಕೊಡ್ತೇನೆ. ಗೇಟು ಒಂದಿದ್ದರೂ ಎರಡಿದ್ದರೂ ಕಾಯುವುದು ಒಂದೇ ಅಲ್ವಾ?”

ನನ್ನ ಕೈ ಎದ್ದಿತು. ಹೊಡೆದಿದ್ದರೆ ಅವನು ಅಲ್ಲಿಂದ ಕಲ್ಲಡ್ಕದಲ್ಲಿ ಹೋಗಿ ಬೀಳುತ್ತಿದ್ದ. ಆದರೆ ಆ ಕೆನ್ನೆಯನ್ನು ನಾನು ರಕ್ತ ಒರೆಸಿ ಒರೆಸಿ ಉಳಿಸಿದ್ದೆ. ಕೈ ಇಳಿಯಿತು.

“ಮತ್ತೆ ನನ್ನನ್ನು ಯಾಕೆ ಕರೆದದ್ದು?” ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು. “ಕೇಸು ಮುಚ್ಚಬೇಕಿದ್ದರೆ ಪತ್ತೇದಾರ ಯಾಕೆ?”

ಸುಧಾಕರ ಚಾಚಿದ್ದ ಕಾಲು ಮಡಚಿ ಎದ್ದು ನಿಂತ.

“ಹೇಳಿದರೆ ಬೇಜಾರು ಮಾಡಬಾರದು. ಮುಂಡಪ್ಪ ಒಬ್ಬನನ್ನು ಎರಡಾಗಿ ಕಾಣ್ತಾನೆ. ನೀನು ಹುಟ್ಟಿದಾಗಿಂದ ಹಾಗೇ ಅಲ್ವಾ ಭಾವ? ಒಂದು ಹುಲಿ ಇಲ್ಲದಲ್ಲಿ ಎರಡು ಹುಲಿ. ಹೇಳಿಕೆಯಲ್ಲಿ ‘ಅವರು’ ಅಂತ ಬಿದ್ದದ್ದು ಕೇಳಿದ ಕೂಡಲೇ ನಿನ್ನ ನೆನಪಾಯ್ತು. ನಿನ್ನ ಕೈಗೆ ಕೊಟ್ಟರೆ ಇಬ್ಬರನ್ನು ತಂದೇ ತರ್ತೀ, ಊರೆಲ್ಲ ನಂಬುವ ಹಾಗೆ ಹೇಳ್ತೀ ಅಂತ ಗೊತ್ತಿತ್ತು. ಬೇರೆ ಯಾರಿಂದಲೂ ಆಗುವ ಕೆಲಸ ಅಲ್ಲ ಅದು.”

ನಾನು ಇಷ್ಟು ವರ್ಷ ಹೇಳಿದ ಒಂದೊಂದು ಕತೆಗೂ ಮೊದಲು ಬಾಯಿ ತೆರೆದು ನಕ್ಕವನು ಇವನು. ಇನ್ನೊಮ್ಮೆ ಹೇಳು ಭಾವ ಎಂದವನು. ನಗುತ್ತಲೇ ನನ್ನನ್ನು ಹೀಗೆ ಅಳೆದು ಇಟ್ಟಿದ್ದನೇ?

“ಆ ಇಬ್ಬರೂ ಬಿಡುಗಡೆ ಆಗ್ತಾರೆ,” ಎಂದೆ ಹಲ್ಲು ಕಚ್ಚಿ. “ಮುಂಡಪ್ಪ ಹೇಳಿದ್ದು ‘ಅಕುಲು’ ಅಲ್ಲ, ‘ಆರ್’. ನಿನ್ನ ಮರದ ಗಜನಿಂಬೆ, ನಿನ್ನ ಶೆಡ್ಡು, ನಿನ್ನ ತಲೆ. ಹೊಡೆದದ್ದು ನೀನು.”

ಆಗ ಸುಧಾಕರ ನಕ್ಕ. ಆ ನಗುವಿನಲ್ಲಿ ಖುಷಿ ಇರಲಿಲ್ಲ.

“ಮುಂಡಪ್ಪ ನನಗೆ ಎಂತ ಹೇಳ್ತಾನೆ ಭಾವ?”

“ದಣಿಕುಲು.”

“ಎದುರಿಗೆ?”

“ದಣಿಕುಲು.”

“ಬೆನ್ನ ಹಿಂದೆ?”

“ಅದೇ.”

“ಜ್ವರ ಬಂದ್ರೆ ಮಾತ್ರ ‘ಆರ್’ ಅಂತಾನಾ? ಇಡೀ ಕನ್ನಡ ನಾಡಿಗೇ ತುಳು ಕಲಿಸಲಿಕ್ಕೆ ಹೊರಟವನೇ, ‘ಆರ್’ ಅಂದ್ರೆ ಗಂಡಸೇ ಆಗ್ಬೇಕು ಅಂತ ನಿನಗೆ ಯಾರು ಹೇಳಿದ್ದು?”

ಒಳಗಿನಿಂದ ಬಳೆಯ ಸದ್ದು ಬಂತು.

ಶಶಿಪ್ರಭಾ ಹೊಸ್ತಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹಿತ್ತಾಳೆಯ ತಟ್ಟೆ, ಅದರ ಮೇಲೆ ನನಗೆಂದೇ ತಂದ ಶರಬತ್ತಿನ ಲೋಟ. ಗಜನಿಂಬೆಯ ಪರಿಮಳ ಚಾವಡಿ ತುಂಬಿತು. ಹುಟ್ಟಿದ ಮೇಲೆ ಮೊದಲ ಸಲ ನಾನು ಆ ಲೋಟಕ್ಕೆ ಕೈ ಚಾಚಲಿಲ್ಲ.

“ಇವರನ್ನು ಬೈಬೇಡ ಅಣ್ಣ,” ಎಂದಳು. “ಇವರು ತಲೆ ಕೊಟ್ಟದ್ದು ನನಗೆ ಬೇಕಾಗಿ.”

ನಾನು ಅವಳ ಬಲಗೈಯನ್ನೇ ನೋಡಿದೆ. ಊರಿಗೆಲ್ಲ ನಾನು ಡಂಗುರ ಹೊಡೆದು ಹೊಗಳಿದ ಕೈ. ಅದರ ಬಗ್ಗೆ ನಾನು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಒಂದು ಎಳ್ಳಿನಷ್ಟೂ ಇರಲಿಲ್ಲ. ನನ್ನ ಬಾಯಿಂದ ಬಂದ ಒಂದೇ ಒಂದು ನಿಜ ಅದು.

“ಶಶೀ,” ಎಂದೆ. “ಕಾಗೆಗೆ ಎಸೆದದ್ದಲ್ವಾ? ಮರಕ್ಕೆ ಎಸೆದದ್ದಲ್ವಾ? ಮುಸ್ಸಂಜೆ, ಕಣ್ಣು ಸರಿ ಕಾಣಲಿಲ್ಲ. ಗುರಿ ತಪ್ಪಿತು. ಅಷ್ಟೇ ಅಲ್ವಾ?”

ಹೌದು ಎಂದಿದ್ದರೆ ಸಾಕಿತ್ತು. ಉಳಿದ ಕತೆಯನ್ನು ನಾನೇ ಕಟ್ಟುತ್ತಿದ್ದೆ. ದೇಶದ ಯಾವ ವಕೀಲನೂ ಒಡೆಯದ ಹಾಗೆ ಕಟ್ಟುತ್ತಿದ್ದೆ.

ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಒಂದು ಹನಿ ಚೆಲ್ಲಲಿಲ್ಲ.

“ನನ್ನ ಗುರಿ ಯಾವಾಗ ತಪ್ಪಿದ್ದುಂಟು ಅಣ್ಣ?”

ಅಷ್ಟು ಹೇಳಿ, ಯಾಕೆ ಎಂದು ನಾನು ಕೇಳುವ ಮೊದಲೇ ನನ್ನನ್ನು ದಾಟಿ, ಚಾವಡಿಯ ಮೆಟ್ಟಿಲು ಇಳಿದಳು. ಹೋಗುವ ದಿಕ್ಕು ಕಂಡಾಗಲೇ ನನಗೆ ತಿಳಿದದ್ದು: ಆ ಒದ್ದೆ ಫಿಲ್ಮಿಗೆ ಅವಳ ಒಂದು ಉಗುರು ಸಾಕು. ಗೇಟಿನ ಬಳಿ ಕಾರಿನ ಕಿಟಕಿಯಿಂದ ಉಕ್ಕಿನ ಚೌಕಟ್ಟು ಹೊರಗೆ ಚಾಚಿತ್ತು. ಸಂಜೆಯ ಬೆಳಕು ಫಿಲ್ಮನ್ನು ತೂರಿ, ಚಿನ್ನದ ಹಲ್ಲೊಂದು ಅಲ್ಲಿಂದಲೇ ಮಿನುಗುತ್ತಿತ್ತು.

ನಾನು ಓಡಲು ಹೊರಟೆ. ಸುಧಾಕರ ನನ್ನ ರಟ್ಟೆ ಹಿಡಿದ. ಎರಡು ಹುಲಿಗಳನ್ನು ಓಡಿಸಿದ ನನ್ನಿಂದ ಅವನ ಒಂದು ಕೈಯನ್ನು ಕೊಡವಲಾಗಲಿಲ್ಲ.

ದಣಿಗಳ ಹೆಂಡತಿ ತಾನಾಗಿ ಕಾರಿನ ಬಳಿ ಬರುವುದನ್ನು ಕಂಡು ಸೇಸಮ್ಮ ಗಡಬಡಿಸಿ ಕೆಳಗಿಳಿದಳು. ಮುಂಡಪ್ಪನೂ ಇಳಿದು, ತಲೆಯ ಮುಂಡಾಸು ತೆಗೆದು ಕಂಕುಳಿಗಿಟ್ಟ. ಅವನ ಬಲಗಣ್ಣು ಏಳಲು ನೋಡಿ ಏಳದೆ ನಿಂತಿತ್ತು. ನನ್ನ ತಂಗಿ ಅವನಿಗೆ ಇಬ್ಬರಾಗಿ ಕಂಡಿರಬೇಕು, ಒಬ್ಬಳು ಮೇಲೆ, ಒಬ್ಬಳು ಕೆಳಗೆ. ಎರಡೂ ಕಣ್ಣು ಸರಿಯಿದ್ದ ನನಗೆ ಇಷ್ಟು ವರ್ಷ ಒಬ್ಬಳೂ ಕಂಡಿರಲಿಲ್ಲ.

“ಕೈ ನೋಯ್ತದೆ ನಿನಗೆ,” ಎಂದಳು ಶಶಿಪ್ರಭಾ, ಬೆಣ್ಣೆಯಂಥ ದನಿಯಲ್ಲಿ. “ಇತ್ತ ಕೊಡು ಸೇಸಮ್ಮ. ಒಳಗೆ ಒಣಗಲಿಕ್ಕೆ ಇಡ್ತೇನೆ.”

“ಕೊಡಬೇಡ!” ನಾನು ಚಾವಡಿಯಿಂದ ಕೂಗಿದೆ. “ಸೇಸಮ್ಮ, ಕೊಡಬೇಡ!”

ಸೇಸಮ್ಮ ನನ್ನತ್ತ ತಿರುಗಿ ನೋಡಿದಳು. ಆದರೆ ಕೇಳಿದವರು ಯಾರು? ಅವಳ ಗಂಡ ಇವತ್ತಿಗೂ ಹೆಸರು ಹಿಡಿದು ಹೇಳದವರು. ಅವಳ ಎರಡೂ ಕೈಗಳು ಗೌರವದಿಂದ ಮುಂದೆ ಚಾಚಿ ಆಗಿತ್ತು.

ಆಗ ಮುಂಡಪ್ಪನ ಬಾಯಿಂದ, ಜ್ವರವೇನೂ ಇಲ್ಲದೆ, ಮಾತು ಹೊರಟಿತು.

“ಸೇಸೂ, ಬೇಡ. ಆರ್…”

ಮುಂಡಾಸು ನೆಲಕ್ಕೆ ಬಿತ್ತು. ತನ್ನ ಕಣ್ಣನ್ನು ತಾನೇ ಉಳಿಸಿಕೊಳ್ಳಲು ಮುಂಡಪ್ಪ ಕೈ ನೀಡಿ ಮುನ್ನುಗ್ಗಿದ. ಅವನ ಮುಂದೆ ಎರಡು ಫಿಲ್ಮುಗಳಿದ್ದವು, ಒಂದು ಮೇಲೆ, ಒಂದು ಕೆಳಗೆ. ಅವನು ಮೇಲಿನದನ್ನು ಹಿಡಿದ.

ಅವನ ಮುಷ್ಟಿಯೊಳಗೆ ಗಾಳಿ ಮಾತ್ರ ಇತ್ತು.